ಕತ್ತರಿ ಸಾಹೇಬರ ಮೂರನೇ ಒಂದು ಪಾಲು

ಕಾಲುವೆ ಎರಡಾಗಿ ಕವಲೊಡೆಯುವ ಜಾಗದಲ್ಲಿ ಒಂದು ತೂಬು. ತೂಬಿಗೆ ಆಳೆತ್ತರದ ಕಬ್ಬಿಣದ ಬಾಗಿಲು. ಬಾಗಿಲನ್ನು ಎತ್ತಿ ಇಳಿಸಲು ಒಂದು ತಿರುಪಿನ ಸಲಾಕೆ, ಆ ಸಲಾಕೆಯನ್ನು ಕಚ್ಚಿ ಹಿಡಿಯುವುದಕ್ಕೆ ಎರಡು ಮುಷ್ಟಿ ಗಾತ್ರದ ಹಿತ್ತಾಳೆ ನಟ್ಟು. ಅದನ್ನು ಕೂರಿಸಿದವರು ಸತ್ತು ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ನಟ್ಟು ಮಾತ್ರ ಇನ್ನೂ ಸೇವೆಯಲ್ಲಿತ್ತು. ಅದಕ್ಕೆ ನಿವೃತ್ತಿ ಕೊಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಬೇಸಿಗೆಯಲ್ಲಿ ಕಾಲುವೆ ಬತ್ತಿ, ತಳದ ಕೆಸರು ಒಣಗಿ ಬಿರುಕು ಬಿಟ್ಟಾಗ, ಬಾಗಿಲೆತ್ತಿ ಹೊಲಗಳಿಗೆ ನೀರು ಬಿಡುವ ನೀರುಗಂಟಿ ತನ್ನ ತಂಗಿಯನ್ನು ತೂಬಿನ ಮೇಲಿನ ಹಲಗೆಗೆ ಕರೆದು, ನಟ್ಟು ಬಿಚ್ಚಿ ಅವಳ ಕೈಗಿಟ್ಟ.

"ಒಳಗೆ ಬೆರಳು ಹಾಕಿ ನೋಡು."

ಅವಳು ಹಾಕಿ ನೋಡಿದಳು. ಸಲಾಕೆಯನ್ನು ಕಚ್ಚಬೇಕಾದ ಸುತ್ತುಗಳೆಲ್ಲ ಸವೆದು, ಹಲ್ಲಿಲ್ಲದ ಮುದುಕಿಯ ಒಸಡು ಸವರಿದ ಹಾಗಾಯಿತು.

"ಹೋದ ಸಲ ಬಾಗಿಲು ಹೇಗೆ ಎತ್ತಿದೆ ಅಣ್ಣ?"

"ಸರಪಳಿ ಕಟ್ಟಿ ಮೂರು ಜನರಿಂದ ಎಳೆಸಿ, ನಾನು ಹಾರೆ ಕೊಟ್ಟು ಮೀಟಿದೆ. ನಡುವೆ ಸರಪಳಿ ಜಾರ್ತು. ಹಾರೆ ಹಾರಿ ಬಾಯಿಗೆ ಬಿತ್ತು. ಅದನ್ನ ನಿನಗೆ ಹೇಳಿದ್ನಲ್ಲ."

"ಕಾಲು ಜಾರಿ ಬಿದ್ದು ಹಲ್ಲು ಹೋಯ್ತು ಅಂದಿದ್ದೆ."

"ನಿಮ್ಮ ಅತ್ತಿಗೆ ಎದುರಿಗೆ ಹಾಗೆ ಹೇಳಿದ್ದು. ನಿಜ ಹೇಳಿದ್ರೆ ಅವಳು ನನ್ನ ಈ ಕೆಲಸಕ್ಕೆ ಬಿಡ್ತಾಳಾ?" ಎಂದು ಅವನು ಮುಂದಿನ ಎರಡು ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಈಗ ನನ್ನ ಬಾಯಿಗೂ ಆ ನಟ್ಟಿಗೂ ಸರಿಯಾಗಿದೆ ನೋಡು. ಈ ಸಲ ಹಲ್ಲಲ್ಲ ಕಣೇ, ತಲೆಯೇ ಹೋಗುತ್ತೆ. ನೀರು ಬಿಡೋಕೆ ಇನ್ನು ಹತ್ತು ವಾರ ಇದೆ."

ಅವರಿಬ್ಬರೂ ನಿಂತಿದ್ದ ಹಲಗೆ ಎರಡು ಗೇಣು ಅಗಲ. ಹಿಡಿದುಕೊಳ್ಳಲು ಕಂಬಿ ಇಲ್ಲ. ನೀರು ಬಂದಾಗ ಕೆಳಗೆ ಎರಡಾಳು ಆಳ, ಮೇಲಾಗಿ ಬಾಗಿಲ ಸಂದಿಗೆ ಎಳೆದುಕೊಳ್ಳುವ ಸೆಳೆತ. ಅಣ್ಣ ಆ ಹಲಗೆಯ ಮೇಲೆ ಇಪ್ಪತ್ತೊಂದು ವರ್ಷ ನಿಂತಿದ್ದ. ತಂಗಿ ಓದಿ, ಪರೀಕ್ಷೆ ಬರೆದು, ಅದೇ ಕಾಲುವೆಗೆ ಇಂಜಿನಿಯರಾಗಿ ಬಂದು ಒಂಬತ್ತು ವರ್ಷವಾಗಿತ್ತು. ಊರವರು ಅವಳನ್ನು ಇಂಜಿನಿಯರಮ್ಮ ಅನ್ನುತ್ತಿದ್ದರು. ಅಣ್ಣ ಮಾತ್ರ ಜನರೆದುರು "ಅಮ್ಮಾವ್ರೇ" ಎಂದು ಕೈಮುಗಿದು, ಜನ ಹೋದಮೇಲೆ "ಏನೇ" ಎನ್ನುತ್ತಿದ್ದ.

ಇಂಜಿನಿಯರಮ್ಮ ಮರುದಿನವೇ ಎಸ್ಟಿಮೇಟು ಬರೆಯಲು ಕೂತಳು. ಅವಳದು ಅವಸರದ ಕೆಲಸವಲ್ಲ. ಎರಕ ಹೊಯ್ಯುವವನ ಬಳಿ ಹೋಗಿ ನಟ್ಟನ್ನು ತೂಗಿಸಿದಳು. ಲೇತಿನವನ ಬಳಿ ಕೂತು ಸಲಾಕೆಗೆ ಎಷ್ಟು ದಿನ ಹಿಡಿಯುತ್ತದೆ ಎಂದು ಅವನ ಬಾಯಿಂದಲೇ ಹೇಳಿಸಿದಳು. ಬಾಗಿಲನ್ನು ಎತ್ತಿ ಹಿಡಿಯುವ ಕ್ರೇನಿನ ಬಾಡಿಗೆಯನ್ನು ಮೂರು ಕಡೆ ಕೇಳಿದಳು. ಒಟ್ಟು ಹದಿನಾಲ್ಕು ಬಾಬತ್ತು. ಹನ್ನೊಂದನೆಯದು ನೀರುಗಂಟಿ ನಿಲ್ಲುವ ಅಗಲದ ಹಲಗೆ ಮತ್ತು ಅದರ ಎರಡೂ ಬದಿಗೆ ಸೊಂಟದೆತ್ತರದ ಕಂಬಿ. ಎಲ್ಲ ಸೇರಿ ಎಂಟು ಲಕ್ಷದ ನಲವತ್ತು ಸಾವಿರ. ಬರೆದು ಮುಗಿಸಿದ ಮೇಲೆ ಇನ್ನೊಂದು ಸಲ ಕೂಡಿ ನೋಡಿದಳು. ಅದರಲ್ಲಿ ಒಂದು ಮೊಳೆ ಹೆಚ್ಚಿರಲಿಲ್ಲ, ಒಂದು ಮೊಳೆ ಕಮ್ಮಿಯೂ ಇರಲಿಲ್ಲ.

ಅವಳ ಮೇಲಿನ ದೊಡ್ಡ ಇಂಜಿನಿಯರು ಒಳ್ಳೆಯವರು. ನಿವೃತ್ತಿಗೆ ಒಂದೂವರೆ ವರ್ಷ ಉಳಿದ ಯಾರು ತಾನೇ ಕೆಟ್ಟವರಾಗಿರುತ್ತಾರೆ? ಅವರು ಕಾಗದ ತಿರುವಿ ಹಾಕಿ, ಕೊನೆಯ ಮೊತ್ತ ನೋಡಿ, ಕನ್ನಡಕ ತೆಗೆದಿಟ್ಟರು.

"ಏನಮ್ಮ ಇದು, ಎಂಟು ನಲವತ್ತು?"

"ಅಷ್ಟೇ ಆಗೋದು ಸಾರ್."

"ಎಷ್ಟಾಗುತ್ತೆ ಅಂತ ನಾನು ಕೇಳ್ಲಿಲ್ಲ. ಎಷ್ಟು ಕೇಳ್ತೀಯ ಅಂತ ಕೇಳಿದೆ. ಎರಡೂ ಒಂದೇನಾ?"

"ಒಂದೇ ಅಲ್ವಾ ಸಾರ್?"

ಅವರು ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳಿಕೊಟ್ಟರು. ಕೇಂದ್ರ ಕಚೇರಿಯ ಹಣಕಾಸು ಸಭೆಯಲ್ಲಿ ಕೂರುವವರು ಕತ್ತರಿ ಸಾಹೇಬರು. ಯಾವ ಕಾಗದ ಹೋದರೂ ಅವರು ಮೂರನೇ ಒಂದು ಪಾಲು ಕತ್ತರಿಸುತ್ತಾರೆ. ಅದು ಸೇತುವೆಯಾಗಲಿ, ಸೂಜಿಯಾಗಲಿ, ಮೂರನೇ ಒಂದೇ. ಹೆಚ್ಚಿಲ್ಲ, ಕಮ್ಮಿಯಿಲ್ಲ, ಆ ಮಟ್ಟಿಗೆ ನ್ಯಾಯವಂತರು. ಆದ್ದರಿಂದ ಎಲ್ಲ ಇಲಾಖೆಯವರೂ ಮೊದಲೇ ಅರ್ಧದಷ್ಟು ಏರಿಸಿ ಬರೆದಿರುತ್ತಾರೆ. ಅವರು ಕತ್ತರಿಸಿದಾಗ ಸರಿಯಾದ ಮೊತ್ತಕ್ಕೆ ಬಂದು ನಿಲ್ಲುತ್ತದೆ.

"ಅವರಿಗೆ ಕತ್ತರಿಸಿದ ಖುಷಿ, ನಮಗೆ ಕೆಲಸ ಆದ ಖುಷಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಅವರಿಗೆ ಇದು ಗೊತ್ತಿಲ್ವಾ ಸಾರ್?"

"ಗೊತ್ತಿಲ್ಲದೆ ಏನು? ಅವರೂ ಒಂದು ಕಾಲದಲ್ಲಿ ಏರಿಸಿ ಬರೆದೇ ಮೇಲೆ ಹೋದವರು."

"ನಂದು ಇದ್ದ ಹಾಗೇ ಹೋಗ್ಲಿ ಸಾರ್. ಯಾರು ಏನು ಕೇಳಿದ್ರೂ ಒಂದೊಂದು ಮೊಳೆಗೂ ಉತ್ತರ ಕೊಡ್ತೀನಿ."

ದೊಡ್ಡ ಇಂಜಿನಿಯರು ಕನ್ನಡಕ ಮತ್ತೆ ಹಾಕಿಕೊಂಡು, "ಆಯ್ತು ಬಿಡಮ್ಮ," ಅಂದರು. ಅಷ್ಟು ಬೇಗ ಒಪ್ಪಿದ್ದು ನೋಡಿಯಾದರೂ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನಿಜ ಬರೆದವರಿಗೆ ಒಂದು ಬಗೆಯ ಸೊಕ್ಕಿರುತ್ತದೆ, ಆ ಸೊಕ್ಕು ಪಕ್ಕದಲ್ಲಿ ನಡೆಯುವುದನ್ನು ಕಾಣಗೊಡುವುದಿಲ್ಲ.

ಹಣಕಾಸು ಸಭೆ ನಡೆಯುವ ಕೋಣೆ ಮೂರನೇ ಮಹಡಿಯಲ್ಲಿತ್ತು. ಹೊರಗೆ ಬಿಸಿಲು ನೆತ್ತಿ ಸುಡುತ್ತಿದ್ದರೂ ಒಳಗೆ ಬಂದವರು ಕೋಟು ಹಾಕಿಕೊಳ್ಳುವಷ್ಟು ತಂಪು. ಉದ್ದನೆಯ ಮೇಜು, ಮೇಜಿನ ಮೇಲೆ ನೀರಿನ ಲೋಟ, ಪ್ರತಿ ಲೋಟಕ್ಕೂ ಒಂದು ಮುಚ್ಚಳ. ಗೋಡೆಯಲ್ಲಿ ಒಂದು ದೊಡ್ಡ ಬಿಳಿ ಹಲಗೆ. ಅದರ ಮೇಲೆ 'ಈ ವರ್ಷ ಕಡಿತದಿಂದ ಆದ ಉಳಿತಾಯ' ಎಂದು ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಮೊತ್ತ. ಎಷ್ಟು ಸೊನ್ನೆ ಇವೆ ಎಂದು ಇಂಜಿನಿಯರಮ್ಮ ಎರಡು ಸಲ ಎಣಿಸಿದಳು. ಯಾರಿಗೂ ಖರ್ಚು ಮಾಡುವ ಉದ್ದೇಶವೇ ಇಲ್ಲದಿದ್ದ ದುಡ್ಡನ್ನು ಖರ್ಚಾಗದಂತೆ ತಡೆದ ಲೆಕ್ಕ ಅದು. ತೂಬಿನ ಬಾಗಿಲಿಗೆ ಮೀನು ಕಾವಲು ಕೂತು, ಇಷ್ಟು ಆನೆಗಳು ಈ ದಾರಿಯಲ್ಲಿ ನುಗ್ಗದ ಹಾಗೆ ನೋಡಿಕೊಂಡೆ ಅಂದ ಹಾಗಿತ್ತು.

ಮನವಿದಾರರೆಲ್ಲ ಹಿಂಬದಿಯ ಗೋಡೆಗೆ ಒತ್ತಿದ ಕುರ್ಚಿಗಳಲ್ಲಿ ಕೂತಿದ್ದರು. ಅವಳ ಒಂದು ಪಕ್ಕಕ್ಕೆ ದೊಡ್ಡ ಇಂಜಿನಿಯರು, ಇನ್ನೊಂದು ಪಕ್ಕಕ್ಕೆ ರಸ್ತೆ ಇಲಾಖೆಯ ಇಂಜಿನಿಯರು. ರಸ್ತೆಯವರು ಹಳೆಯ ಹುಲಿ. ಬಾಗಿ ಅವಳ ಕಿವಿಯ ಬಳಿ ಪಿಸುಗುಟ್ಟಿದರು.

"ಮೊದಲ ಸಲಾನಾ ತಂಗಿ? ಮುಖ ಹಾಗೆ ಗಟ್ಟಿಯಾಗಿ ಇಟ್ಕೋಬೇಡ. ಯಾರೋ ದೂರದ ನೆಂಟರು ತೀರಿಹೋದ ಹಾಗಿರಬೇಕು. ತೀರ ಹತ್ತಿರದವರು ಹೋದ ಹಾಗಿದ್ರೆ ಅವರಿಗೆ ಅನುಮಾನ ಬರುತ್ತೆ."

"ಯಾಕೆ?"

"ನೋಡ್ತಾ ಇರು."

ರಸ್ತೆಯವರ ಸರದಿ ಬಂತು. ಎದ್ದು ಮೇಜಿನ ತುದಿಗೆ ಹೋಗಿ ನಿಂತರು. ಕತ್ತರಿ ಸಾಹೇಬರು ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಮಾಡಿದ ಹಾಗಿದ್ದರು. ಎದುರಿಗಿದ್ದ ಫೈಲಿನ ಮೇಲುಹಾಳೆ ಮಾತ್ರ ನೋಡಿ, ಅದರ ಮೇಲೆ ಪೆನ್ನಿನಿಂದ ಎರಡು ಸಲ ಕುಟ್ಟಿದರು.

"ತೊಂಬತ್ತು ಲಕ್ಷ. ಇಷ್ಟೊಂದು ಬೇಕಾ?"

"ಇಲ್ಲದಿದ್ರೆ ಕೆಲಸ ನಿಂತೇಹೋಗುತ್ತೆ ಸಾರ್," ಎಂದು ರಸ್ತೆಯವರು ದೂರದ ನೆಂಟರೊಬ್ಬರನ್ನು ಕಳೆದುಕೊಂಡ ದನಿಯಲ್ಲಿ ಅಂದರು.

"ಎಲ್ಲರೂ ಹೀಗೇ ಹೇಳೋದು. ಅರವತ್ತರಲ್ಲಿ ಮುಗಿಸಿ."

"ಕಷ್ಟ ಆಗುತ್ತೆ ಸಾರ್."

"ಕಷ್ಟಪಡೋಕೇ ನಿಮ್ಮನ್ನ ಇಟ್ಟಿರೋದು."

ಪಕ್ಕದಲ್ಲಿದ್ದ ಎರಡನೇ ಸಾಹೇಬರು "ಹೂಂ, ಹೂಂ," ಅಂದರು. ಕಚೇರಿಯೆಲ್ಲ ಅವರನ್ನು ಹೂಂ ಸಾಹೇಬರು ಅಂತಲೇ ಕರೆಯುತ್ತಿತ್ತು. ಇಪ್ಪತ್ತೇಳು ವರ್ಷದ ಸೇವೆಯಲ್ಲಿ ಅವರ ಬಾಯಿಂದ ಊಹೂಂ ಬಂದದ್ದನ್ನು ಕೇಳಿದವರಿಲ್ಲ. ಮೂಲೆಯ ಗುಮಾಸ್ತ ಎದ್ದು ಬಿಳಿ ಹಲಗೆಯ ಮೊತ್ತ ಒರೆಸಿ ಮೂವತ್ತು ಲಕ್ಷ ಕೂಡಿಸಿ ಬರೆದ. ಎಲ್ಲ ಸೇರಿ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಆಗಲಿಲ್ಲ.

ರಸ್ತೆಯವರು ತಲೆ ತಗ್ಗಿಸಿಕೊಂಡು ಬಂದು ಕುರ್ಚಿಯಿಂದ ತಮ್ಮ ಚೀಲ ತೆಗೆದುಕೊಳ್ಳುವಾಗ ಅವಳಿಗೆ ಕಣ್ಣು ಹೊಡೆದರು. "ಬೇಕಿದ್ದದ್ದು ಐವತ್ತೆರಡು," ಅಂತ ಪಿಸುಗುಟ್ಟಿ, ದುಃಖದ ಮುಖವನ್ನು ಬಾಗಿಲು ದಾಟುವವರೆಗೂ ಜೋಪಾನವಾಗಿ ಹೊತ್ತುಕೊಂಡು ಹೋದರು.

"ಕಾಲುವೆ," ಎಂದು ಗುಮಾಸ್ತ ಕೂಗಿದ.

ಇಂಜಿನಿಯರಮ್ಮ ಬಟ್ಟೆಯ ಕೈಚೀಲ ಎತ್ತಿಕೊಂಡು ಎದ್ದಳು. ಚೀಲ ಭಾರಕ್ಕೆ ಜೋಲುತ್ತಿತ್ತು. ಹಿಂದೆಯೇ ಬಂದ ದೊಡ್ಡ ಇಂಜಿನಿಯರು, "ಸುಮ್ಮನೆ 'ಕಷ್ಟ ಆಗುತ್ತೆ ಸಾರ್' ಅಂದುಬಿಡು, ಸಾಕು. ಮಿಕ್ಕಿದ್ದು ನಾನು ನೋಡ್ಕೊಂಡಿದ್ದೀನಿ," ಎಂದು ಮೆಲ್ಲಗೆ ಹೇಳಿದರು.

ನೋಡ್ಕೊಂಡಿದ್ದೀನಿ ಎಂದರೆ ಏನು ಎಂದು ಕೇಳುವಷ್ಟರಲ್ಲಿ ಕತ್ತರಿ ಸಾಹೇಬರ ಪೆನ್ನು ಹಾಳೆಯ ಮೇಲೆ ಕುಟ್ಟಿತ್ತು.

"ಹನ್ನೆರಡು ಲಕ್ಷದ ಅರವತ್ತು ಸಾವಿರ. ಒಂದು ತೂಬಿಗೆ ಇಷ್ಟೊಂದು ಬೇಕಾ?"

ಅವಳಿಗೆ ಒಂದು ಕ್ಷಣ ಬೇರೆ ಯಾರದೋ ಫೈಲು ತೆರೆದಿದ್ದಾರೆ ಅನ್ನಿಸಿತು. ಬಾಗಿ ನೋಡಿದಳು. ಮೇಲುಹಾಳೆ ಹೊಸದು, ಅಕ್ಷರ ದೊಡ್ಡ ಇಂಜಿನಿಯರದ್ದು.

"ಅದು ನನ್ನ ಲೆಕ್ಕ ಅಲ್ಲ ಸಾರ್," ಅಂದಳು. "ಒಳಗಿನ ಹಾಳೆ ನೋಡಿ. ನಂದು ಎಂಟು ನಲವತ್ತು."

ಗೋಡೆಗೆ ಒತ್ತಿ ಕೂತಿದ್ದ ಉಳಿದ ಇಲಾಖೆಯವರು ತಮ್ಮ ತಮ್ಮ ಫೈಲಿನ ಮೇಲೆ ಕೈ ಮುಚ್ಚಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಎಲ್ಲ. ದೊಡ್ಡ ಇಂಜಿನಿಯರು ಅವಳ ಕಾಲು ತುಳಿದರು. ಆದರೆ ತುಳಿಯಬೇಕಾದ ಹೊತ್ತು ಆಗಲೇ ಕಳೆದಿತ್ತು.

ಆಗ ಅವಳಿಗೆ ಲೆಕ್ಕ ಹೊಳೆಯಿತು. ಹನ್ನೆರಡು ಅರವತ್ತರಲ್ಲಿ ಮೂರನೇ ಒಂದು ಹೋದರೆ ಎಂಟು ನಲವತ್ತು. ಬಾಯಿಗೆ ಬೀಗ ಹಾಕಿಕೊಂಡು ಇನ್ನು ಹತ್ತು ಎಣಿಸುವಷ್ಟು ಹೊತ್ತು ನಿಂತಿದ್ದರೆ ಅವಳ ಅಣ್ಣನ ನಟ್ಟು, ಸಲಾಕೆ, ಹಲಗೆ, ಕಂಬಿ, ಕೊನೆಯ ಮೊಳೆಯವರೆಗೆ ಎಲ್ಲ ಕೈಸೇರುತ್ತಿತ್ತು.

ಕತ್ತರಿ ಸಾಹೇಬರು ನಿಧಾನವಾಗಿ ಬೆನ್ನು ಕುರ್ಚಿಗೆ ಆನಿಸಿದರು. ಏರಿಸಿ ಬರೆದದ್ದಕ್ಕೆ ಅವರಿಗೆ ಸಿಟ್ಟು ಬಂದಿರಲಿಲ್ಲ. ಅದು ಅವರಿಗೆ ಸಲ್ಲುವ ಮರ್ಯಾದೆ. ಸಿಟ್ಟು ಬಂದದ್ದು ಅದನ್ನು ಹೇಳಿದ್ದಕ್ಕೆ.

"ಅಂದ್ರೆ ಕತ್ತರಿಸೋಕೆ ಏನೂ ಇಲ್ಲ ಅಂತೀರಾ?"

"ಇಲ್ಲ ಸಾರ್."

"ಹಾಗಾದ್ರೆ ನಮ್ಮನ್ನ ಯಾಕೆ ಇಲ್ಲಿ ಕೂರಿಸಿದ್ದಾರೆ?"

ಅದು ಒಳ್ಳೆಯ ಪ್ರಶ್ನೆ ಎಂದು ಇಂಜಿನಿಯರಮ್ಮನಿಗೆ ಅನ್ನಿಸಿತು.

"ಸರಿ, ನಿಮ್ಮ ಎಂಟು ನಲವತ್ತೇ ಇರಲಿ. ನಿಯಮ ಅಂದ್ರೆ ನಿಯಮ," ಎಂದು ಅವರು ಪೆನ್ನು ತೆರೆದರು. "ಐದು ಲಕ್ಷದ ಅರವತ್ತು ಸಾವಿರದಲ್ಲಿ ಮುಗಿಸಿ."

"ಹೂಂ," ಅಂದರು ಹೂಂ ಸಾಹೇಬರು.

ಹಿಂದೆ ಯಾರೋ ಕಿಸಕ್ಕೆಂದರು. ಬೇರೆಯವರಾಗಿದ್ದರೆ ಅಲ್ಲಿಗೆ ಕೈಮುಗಿದು ಹೊರಟುಬಿಡುತ್ತಿದ್ದರು. ಅವಳ ಕಣ್ಣ ಮುಂದೆ ಅಣ್ಣನ ಹಲ್ಲು ಹೋದ ಬಾಯಿ ಬಂತು. ಮಾಡಿದ ತಪ್ಪು ತನ್ನದೇ, ಸರಿಮಾಡಬೇಕಾದವಳೂ ತಾನೇ. ಚೀಲದೊಳಗೆ ಕೈಹಾಕಿ ನಟ್ಟನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ಧಡ್ ಎಂದು ಸದ್ದಾಗಿ ಲೋಟಗಳ ಮುಚ್ಚಳ ಕುಣಿದವು. ಹಳೆಯ ಗ್ರೀಸು ಹೊಳೆಯುವ ಮೇಜಿಗೆ ಮೆತ್ತಿಕೊಂಡಿತು.

"ಏನ್ರೀ ಇದು?"

"ನಟ್ಟು ಸಾರ್. ಮೊದಲನೇ ಬಾಬತ್ತು. ಮೂರನೇ ಒಂದು ಭಾಗ ತೆಗೀಬೇಕಲ್ಲ, ಎಲ್ಲಿಂದ ತೆಗೀಲಿ ಅಂತ ತಾವೇ ತೋರಿಸಿ. ಇದರಲ್ಲಿ ತೆಗೀಲಾ? ಕಾಲ ಆಗಲೇ ಇದರಲ್ಲಿ ಮೂರನೇ ಒಂದು ಕತ್ತರಿಸಿದೆ, ಒಳಗೆ ಬೆರಳು ಹಾಕಿ ನೋಡಿ."

ಕತ್ತರಿ ಸಾಹೇಬರು ಬೆರಳು ಹಾಕಲಿಲ್ಲ. ಅವರ ಬೆರಳು ಅಂಥ ಕಡೆ ಹೋಗಿ ಅಭ್ಯಾಸವಿರಲಿಲ್ಲ. ಹೂಂ ಸಾಹೇಬರು ಮಾತ್ರ, ಯಾಕೋ ಏನೋ, ಹಾಕಿ ನೋಡಿ, ಕಪ್ಪಾದ ಬೆರಳನ್ನು ಎಲ್ಲಿ ಒರೆಸುವುದು ಎಂದು ತಿಳಿಯದೆ ಮೇಲೆತ್ತಿ ಹಿಡಿದುಕೊಂಡು ಕೂತರು.

"ಎರಡನೇದು ಸಲಾಕೆ," ಎಂದು ಅವಳು ಮುಂದುವರಿಸಿದಳು. ದನಿ ಏರಿಸಲಿಲ್ಲ. ಹೊಲದ ಬದುವಿನ ಮೇಲೆ ನಿಂತು ರೈತರಿಗೆ ನೀರಿನ ಸರದಿ ಹೇಳುವ ಅದೇ ದನಿ. "ಹದಿನೆಂಟು ಅಡಿ. ಹನ್ನೆರಡು ಅಡಿ ಹಾಕಿದ್ರೆ ಬಾಗಿಲಿಗೆ ಮುಟ್ಟಲ್ಲ. ಮೂರನೇದು ಕ್ರೇನು, ಮೂರು ದಿನ. ಎರಡು ದಿನಕ್ಕೆ ಕರೆಸಿದ್ರೆ ಬಾಗಿಲನ್ನ ಮೇಲೆತ್ತಿ, ಅಲ್ಲೇ ನೇತುಹಾಕಿ ಹೊರಟುಹೋಗ್ತಾನೆ. ನಾಲ್ಕನೇದು..."

ಹೀಗೆ ಒಂದೊಂದೇ. ಯಾವ ಊರಿನ ಯಾವ ಎರಕದವನು ಏನು ದರ ಹೇಳಿದ, ಯಾವನು ಮೋಸ ಮಾಡಲು ನೋಡಿದ, ಅವನನ್ನು ಯಾಕೆ ಬಿಟ್ಟಳು, ಎಲ್ಲ. ಒಂದು ಕಾಗದ ನೋಡಲಿಲ್ಲ. ಆ ಕೋಣೆಯಲ್ಲಿ ಬಾಬತ್ತುಗಳನ್ನು ಓದಿ ಎಷ್ಟು ವರ್ಷವಾಗಿತ್ತೋ! ಗುಮಾಸ್ತ ಬರೆಯುವುದನ್ನು ಬಿಟ್ಟು ಬಾಯಿ ತೆರೆದು ಕೇಳುತ್ತಿದ್ದ. ಕತ್ತರಿ ಸಾಹೇಬರು ಎರಡು ಸಲ ಗಡಿಯಾರ ನೋಡಿದರು. ಊಟದ ಹೊತ್ತು ಹತ್ತಿರವಾಗಿತ್ತು. ಆದರೆ ಏನೂ ಕತ್ತರಿಸದೆ ಎದ್ದರೆ ಹಲಗೆಯ ಮೇಲಿನ ಕೆಂಪು ಮೊತ್ತಕ್ಕೆ ಅವಮಾನ. ಹನ್ನೊಂದಕ್ಕೆ ಬಂದಾಗ ಅವರಿಗೆ ದಾರಿ ಕಂಡಿತು.

"ನಿಲ್ಲಿ. ಇದೇನು, ಹಲಗೆ, ಕಂಬಿ? ತೊಂಬತ್ತು ಸಾವಿರ?"

"ನೀರುಗಂಟಿ ನಿಂತು ಬಾಗಿಲು ತಿರುಗಿಸೋ ಜಾಗ ಸಾರ್."

"ಇಷ್ಟು ವರ್ಷ ಎಲ್ಲಿ ನಿಂತಿದ್ದ?"

"ಎರಡು ಗೇಣಿನ ಹಲಗೆ ಮೇಲೆ."

"ಬಿದ್ದಿಲ್ಲ ತಾನೇ?"

"ಇನ್ನೂ ಬಿದ್ದಿಲ್ಲ ಸಾರ್."

"ಮತ್ತೆ? ಇದು ಅನಗತ್ಯ. ಹೊಡೆದುಹಾಕಿ ಇದನ್ನ," ಎಂದು ಕತ್ತರಿ ಸಾಹೇಬರು ಗುಮಾಸ್ತನತ್ತ ಕೈ ಬೀಸಿದರು. ಮುಖದಲ್ಲಿ ಬಣ್ಣ ಮರಳಿ ಬಂದಿತ್ತು. ಮೂರನೇ ಒಂದಲ್ಲದಿದ್ದರೂ ಬರಿಗೈಯಲ್ಲಂತೂ ಹೋಗಬೇಕಿರಲಿಲ್ಲ.

"ಆಗಬಹುದು ಸಾರ್," ಅಂದಳು ಇಂಜಿನಿಯರಮ್ಮ.

ದೊಡ್ಡ ಇಂಜಿನಿಯರು ನಿಟ್ಟುಸಿರು ಬಿಟ್ಟರು. ಮುಗಿಯಿತು ಎಂದುಕೊಂಡು ಅವರಾಗಲೇ ಒಂದು ಹೆಜ್ಜೆ ಹಿಂದೆ ಸರಿದಿದ್ದರು.

"ಒಂದೇ ಒಂದು ಬೇಡಿಕೆ. 'ನೀರುಗಂಟಿಗೆ ಹಿಡಿಯೋಕೆ ಕಂಬಿ ಬೇಕಿಲ್ಲ' ಅಂತ ಆ ಸಾಲಿನ ಪಕ್ಕ ಬರೆದು, ತಮ್ಮ ಹೆಸರು ಹಾಕಿ ಸಹಿ ಮಾಡಿಬಿಡಿ."

"ಸಹಿ ಯಾಕೆ? ಸಭೆ ತೀರ್ಮಾನಿಸಿತು ಅಂತ ಬರೀತಾನೆ ಅವನು."

"ಸಭೆಗೆ ಮನೆ ಎಲ್ಲಿದೆ ಸಾರ್? ನಾಳೆ ಅವನು ಬಿದ್ದು, ಅವನ ಹೆಂಡ್ತಿ ನನ್ನ ಬಾಗಿಲಿಗೆ ಬಂದು ಕಂಬಿ ಬೇಡ ಅಂದವರು ಯಾರು ಅಂತ ಕೇಳಿದ್ರೆ, ಯಾರ ಮನೆ ತೋರಿಸ್ಲಿ?"

ಹೂಂ ಸಾಹೇಬರಿಗೆ ಅಂದು ಏನಾಗಿತ್ತೋ, ಹೂಂ ಬಿಟ್ಟು ಬೇರೆ ಮಾತು ಆಡಿದರು. ಬೆರಳನ್ನು ಹಾಗೇ ಎತ್ತಿ ಹಿಡಿದುಕೊಂಡು ನಕ್ಕು, "ಇಷ್ಟು ವಾದ ಮಾಡ್ತೀರಲ್ಲ, ಆ ನೀರುಗಂಟಿ ಏನು ನಿಮ್ಮ ಅಣ್ಣನಾ, ತಮ್ಮನಾ?" ಎಂದರು.

"ಅಣ್ಣ ಸಾರ್. ಒಡಹುಟ್ಟಿದವನು."

ನಗು ಅರ್ಧಕ್ಕೆ ನಿಂತಿತು. ಕತ್ತರಿ ಸಾಹೇಬರು ಮಾತ್ರ ತಕ್ಷಣ ಮುಂದೆ ಬಾಗಿದರು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತ್ತು.

"ಓ, ಹಾಗೆ ಹೇಳಿ! ಮನೆಯವರಿಗೆ ಸವಲತ್ತು ಮಾಡಿಕೊಡೋ ಕೆಲಸ ಇದು."

"ನನಗಿಂತ ಹನ್ನೆರಡು ವರ್ಷ ಮೊದಲೇ ಅವನು ಆ ಹಲಗೆ ಹತ್ತಿದ್ದಾನೆ ಸಾರ್, ನಾನು ಹತ್ತಿಸಿದ್ದಲ್ಲ. ತಮಗೆ ಹಾಗನ್ನಿಸಿದ್ರೆ ಅವನನ್ನ ಇಳಿಸಿ, ಬೇರೆ ಯಾರ ಅಣ್ಣನನ್ನಾದ್ರೂ ನಿಲ್ಲಿಸಿ. ಆಗಲೂ ಕಂಬಿ ಬೇಕೇ ಬೇಕು. ಬೇಡ ಅನ್ನೋದಾದ್ರೆ ಸಹಿ ಬೇಕು."

ಅವಳು ಹಾಳೆಯನ್ನು ತಿರುಗಿಸಿ, ಹನ್ನೊಂದನೇ ಸಾಲಿನ ಮೇಲೆ ಬೆರಳಿಟ್ಟು, ಅವರ ಕಡೆ ಸರಿಸಿದಳು.

ಆಮೇಲೆ ನಡೆದದ್ದನ್ನು ಅವಳು ಅಣ್ಣನಿಗೆ ಎಷ್ಟೋ ಸಲ ಅಭಿನಯಿಸಿ ತೋರಿಸಿದ್ದಾಳೆ. ಕತ್ತರಿ ಸಾಹೇಬರು ಪೆನ್ನು ಎತ್ತಿದರು. ಒಂದು ಗೇಣು ಮೇಲೆಯೇ ಅದು ನಿಂತಿತು. ಕೋಟಿಗಟ್ಟಲೆ ಕತ್ತರಿಸಿದ ಪೆನ್ನು ಅದು, ಆದರೆ ಅದುವರೆಗೆ ಎಲ್ಲೂ ತನ್ನ ಹೆಸರು ಬಿಟ್ಟು ಬಂದಿರಲಿಲ್ಲ. "ಇದು ತಾಂತ್ರಿಕ ವಿಷಯ, ನೀವು ಹಾಕಿ," ಎಂದು ಹೂಂ ಸಾಹೇಬರ ಕಡೆ ದಾಟಿಸಿದರು. ಹೂಂ ಸಾಹೇಬರು ಗ್ರೀಸಿನ ಬೆರಳು ತೋರಿಸಿ, "ಕೈ ಕೊಳೆ ಆಗಿದೆ ಸಾರ್," ಅಂದು, ದೊಡ್ಡ ಇಂಜಿನಿಯರ ಕಡೆ ಗಲ್ಲ ಎತ್ತಿದರು. ದೊಡ್ಡ ಇಂಜಿನಿಯರು, "ನನಗೆ ಇನ್ನು ಒಂದೂವರೆ ವರ್ಷ ಇದೆ," ಎಂದಷ್ಟೇ ಹೇಳಿದರು. ಕಾಯಿಲೆ ಬಂದ ದನವನ್ನು ಯಾರ ಕೊಟ್ಟಿಗೆಗೂ ಸೇರಿಸದ ಹಾಗೆ, ಆ ಪೆನ್ನು ಮೇಜಿನ ಸುತ್ತ ಬಂದು ಕೊನೆಗೆ ಯಾರ ಮುಂದೆಯೂ ಅಲ್ಲದ ಒಂದು ಜಾಗದಲ್ಲಿ ಹೋಗಿ ಮಲಗಿತು.

ಆಗ ಎದ್ದವನು ಗುಮಾಸ್ತ. ಮೂವರು ಸಾಹೇಬರನ್ನು ಸಾಕಿ ನಿವೃತ್ತಿ ಮಾಡಿಸಿದ ಆಸಾಮಿ. ಕತ್ತರಿ ಸಾಹೇಬರ ಕಿವಿಗೆ ಬಾಗಿದರೂ ಅವನ ಪಿಸುಮಾತು ಇಡೀ ಕೋಣೆಗೆ ಕೇಳಿಸಿತು.

"ಸಾರ್, ಮೇಲುಹಾಳೆಯಲ್ಲಿ ಹನ್ನೆರಡು ಅರವತ್ತು ಇದೆ. ಸಭೆ ನೋಡೋದು ಮೇಲುಹಾಳೇನೇ ತಾನೇ? ಅದರಲ್ಲಿ ಮೂರನೇ ಒಂದು ಕಡಿತ. ಮಂಜೂರು ಎಂಟು ನಲವತ್ತು. ಉಳಿತಾಯ ನಾಲ್ಕು ಇಪ್ಪತ್ತು. ಯಾವ ಸಾಲಿಗೂ ಸಹಿ ಬೇಕಿಲ್ಲ."

ಕತ್ತರಿ ಸಾಹೇಬರ ಮುಖ ಬಿಚ್ಚಿದ ಕೊಡೆಯ ಹಾಗೆ ಅರಳಿತು. "ಹೂಂ! ಹೂಂ!" ಎಂದು ಹೂಂ ಸಾಹೇಬರು ಎರಡೆರಡು ಸಲ ಅಂದರು. ಗೋಡೆಯ ಪಕ್ಕದವರು ಫೈಲಿನ ಮೇಲಿನ ಕೈ ತೆಗೆದು ಉಸಿರಾಡಿದರು. ಗುಮಾಸ್ತ ಹಲಗೆಗೆ ಹೋಗಿ ಕೆಂಪು ಮೊತ್ತ ಒರೆಸಿ, ನಾಲ್ಕು ಲಕ್ಷದ ಇಪ್ಪತ್ತು ಸಾವಿರ ಕೂಡಿಸಿ ಬರೆದು, ನಡಾವಳಿಯ ಹಾಳೆಯನ್ನು ಅವಳ ಮುಂದೆ ಹಿಡಿದ.

"ಇಲ್ಲಿ ನಿಮ್ಮ ಸಹಿ ಅಮ್ಮ. ಕೇಳಿದ್ದು ಹನ್ನೆರಡು ಅರವತ್ತು, ಕಡಿತಕ್ಕೆ ಒಪ್ಪಿದ್ದೇನೆ ಅಂತ."

"ನಾನು ಹನ್ನೆರಡು ಅರವತ್ತು ಕೇಳ್ಲೇ ಇಲ್ಲವಲ್ಲ."

"ಹಾಕಮ್ಮ," ಎಂದರು ದೊಡ್ಡ ಇಂಜಿನಿಯರು. ಈ ಸಲ ಕಾಲು ತುಳಿಯಲಿಲ್ಲ, ಬೇಡಿಕೊಂಡರು. "ನಿನ್ನ ದಮ್ಮಯ್ಯ ಅಂತೀನಿ. ಹಾಕು."

ಅವಳು ಹಾಳೆ ನೋಡಿದಳು, ಗೋಡೆಯ ಬಿಳಿ ಹಲಗೆ ನೋಡಿದಳು, ಮೇಜಿಗೆ ಮೆತ್ತಿದ ಗ್ರೀಸು ನೋಡಿದಳು. ಮನೆಯಿಂದ ಹೊರಡುವಾಗ ಸತ್ಯ ಒಂದನ್ನೇ ಕಟ್ಟಿಕೊಂಡು ಬಂದಿದ್ದಳು. ಅದನ್ನು ಇಲ್ಲಿ ಬಿಚ್ಚಿಟ್ಟರೆ ಕೊಳ್ಳುವವರೇ ಇರಲಿಲ್ಲ. ಇದನ್ನೂ ಬೇಡ ಅಂದರೆ ಇನ್ನೊಂದು ಸಭೆ ಸೇರುವಷ್ಟರಲ್ಲಿ ನೀರು ಬಂದಿರುತ್ತದೆ, ಅಣ್ಣ ಹಾರೆ ಹಿಡಿದು ಎರಡು ಗೇಣಿನ ಹಲಗೆ ಹತ್ತಿರುತ್ತಾನೆ. ತನ್ನ ಸೊಕ್ಕಿಗೆ ಅವನ ತಲೆ ಕೊಡುವುದೆ?

ಸಹಿ ಹಾಕಿದಳು. ನಟ್ಟನ್ನು ಚೀಲಕ್ಕೆ ಹಾಕಿಕೊಂಡಳು. ಮೇಜಿನ ಮೇಲಿನ ಗ್ರೀಸನ್ನು ಒರೆಸದೆ ಹಾಗೇ ಬಿಟ್ಟು ಬಂದಳು.

ಮೆಟ್ಟಿಲಿಳಿಯುವಾಗ ದೊಡ್ಡ ಇಂಜಿನಿಯರು, "ಕೊನೆಗೆ ಅಲ್ಲಿಗೇ ಬಂದೆ ನೋಡು. ಮೊದಲೇ ಬಾಯಿ ಮುಚ್ಕೊಂಡಿದ್ರೆ ಇಷ್ಟು ರಗಳೆ ಬೇಕಿತ್ತಾ?" ಎಂದರು.

"ಬೇಕಿರಲಿಲ್ಲ ಸಾರ್," ಅಂದಳು. ಅದೂ ನಿಜವೇ. "ಆದ್ರೆ ಮುಂದಿನ ಸಲ ಮೇಲುಹಾಳೆ ಬದಲಾಯಿಸಿದ್ರೆ ನನಗೊಂದು ಮಾತು ಹೇಳಿ. ಯಾವ ನೆಂಟರು ಹೋದ ಹಾಗೆ ಮುಖ ಇಡಬೇಕು ಅಂತ ಮೊದಲೇ ಗೊತ್ತಿರಬೇಕು."

ಎರಕವಾಯಿತು, ಲೇತಾಯಿತು, ಕ್ರೇನು ಮೂರು ದಿನ ನಿಂತು ಹೋಯಿತು. ಎಂಟು ನಲವತ್ತರಲ್ಲಿ ಎಲ್ಲ ಮುಗಿದು, ಕೊನೆಗೆ ಮುನ್ನೂರ ಹತ್ತು ರೂಪಾಯಿ ಉಳಿಯಿತು. ಅದನ್ನು ವಾಪಸು ಕಟ್ಟಲು ಅವಳು ಕೇಂದ್ರ ಕಚೇರಿಗೆ ನಾಲ್ಕು ಸಲ ಅಲೆದಳು. ಉಳಿದ ದುಡ್ಡನ್ನು ಯಾವ ಕಾಗದದಲ್ಲಿ ತೆಗೆದುಕೊಳ್ಳಬೇಕು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನೀರು ಬಿಡುವ ಬೆಳಿಗ್ಗೆ ತೂಬಿನ ಬಳಿಗೆ ಬಂದಾಗ ಅವಳ ಕೈಯಲ್ಲಿ ಒಂದು ಲಕೋಟೆ ಇತ್ತು. ಕೇಂದ್ರ ಕಚೇರಿಯಿಂದ ಹಿಂದಿನ ದಿನ ಬಂದದ್ದು. ಅಣ್ಣ ಅಗಲದ ಹಲಗೆಯ ಮೇಲೆ, ಎರಡು ಕಂಬಿಗಳ ನಡುವೆ, ಮದುಮಗನ ಹಾಗೆ ನಿಂತಿದ್ದ. ಅಲ್ಲಲ್ಲಿ ರೈತರು ದಂಡೆಯ ಮೇಲೆ ಕೂತು ಕಾಯುತ್ತಿದ್ದರು.

"ಏನಂತೆ ಅಮ್ಮಾವ್ರೇ, ಬಹುಮಾನವಾ?"

"ಓದ್ತೀನಿ ಕೇಳು. 'ನೀವು ಹನ್ನೆರಡು ಲಕ್ಷದ ಅರವತ್ತು ಸಾವಿರ ಕೇಳಿ, ಕಾಮಗಾರಿಯನ್ನು ಎಂಟು ಲಕ್ಷದ ನಲವತ್ತು ಸಾವಿರಕ್ಕಿಂತ ಕಡಿಮೆಯಲ್ಲಿ ಮುಗಿಸಿರುವುದು ಕಂಡುಬಂದಿದೆ. ಅಗತ್ಯಕ್ಕಿಂತ ಒಂದೂವರೆ ಪಟ್ಟು ಕೇಳಿದ್ದು ಯಾಕೆ ಎಂದು ಹದಿನೈದು ದಿನದೊಳಗೆ ಸಮಜಾಯಿಷಿ ಕೊಡಬೇಕು.'"

ಅಣ್ಣ ಹೊಟ್ಟೆ ಹಿಡಿದುಕೊಂಡು, ಕಂಬಿಗೆ ಒರಗಿ ನಕ್ಕ. ಹಳೆಯ ಹಲಗೆಯ ಮೇಲಾಗಿದ್ದರೆ ಆ ನಗುವಿಗೇ ಕೆಳಗೆ ಬಿದ್ದಿರುತ್ತಿದ್ದ.

"ಕಳ್ಳನ್ನ ಬಿಟ್ಟು ಕಾವಲಿನವನನ್ನ ಹಿಡಿದ ಹಾಗಾಯ್ತು ಕಣೇ. ಈ ಕಾಗದ ಯಾರು ಬರೆದಿದ್ದು? ಕತ್ತರೀನಾ?"

"ಅವರೇ. ಇದಕ್ಕೆ ಮಾತ್ರ ಹೆಸರು ಹಾಕಿ ಸಹಿ ಮಾಡಿದ್ದಾರೆ ನೋಡು, ಎಷ್ಟು ದುಂಡಗಿದೆ."

"ಏನಂತ ಬರೀತೀಯ?"

"ಅದೇ ಗೊತ್ತಾಗ್ತಿಲ್ಲ. ನಿಜ ಬರೆದ್ರೆ ದೊಡ್ಡ ಇಂಜಿನಿಯರ ಪಿಂಚಣಿಗೆ ಕುತ್ತು ಬರುತ್ತೆ. ಸುಳ್ಳು ಬರೆದ್ರೆ ನನಗೇ ಬರುತ್ತೆ."

"ಅಷ್ಟೆಲ್ಲ ಯಾಕೆ? ನಾನು ಹೇಳ್ತೀನಿ, ಬರ್ಕೋ."

ಅವಳು ಅದೇ ಕಾಗದವನ್ನು ಮಗುಚಿ, ಹೊಸ ಕಂಬಿಯ ಮೇಲೆ ಮಡಿಸಿಟ್ಟು ಪೆನ್ನು ತೆಗೆದಳು. ಅಣ್ಣ ಸಲಾಕೆ ತಿರುಗಿಸುವ ಚಕ್ರದ ಹಿಡಿಗೆ ಕೈಹಾಕಿದ. ಹೋದ ವರ್ಷ ಮೂರು ಜನ ಸರಪಳಿ ಎಳೆದು, ನಾಲ್ಕನೆಯವನು ಹಾರೆ ಒತ್ತಿ ಎತ್ತಿದ್ದ ಬಾಗಿಲು, ಈಗ ಅವನೊಬ್ಬನ ಕೈಯಲ್ಲಿ ಸುತ್ತಿಗೊಂದು ಬೆರಳಿನಷ್ಟು ಮೇಲೇರಿತು. ಹೊಸ ಹಿತ್ತಾಳೆ ಹೊಸ ಸಲಾಕೆಯನ್ನು ಕಚ್ಚಿ ಹಿಡಿದಿತ್ತು. ಕೆಳಗೆ ಮೊದಲ ನೀರು ಬುಸ್ಸೆಂದು ನುಗ್ಗಿ, ಬಿರುಕು ಬಿಟ್ಟ ಕೆಸರನ್ನು ನೆನೆಸುತ್ತ ಓಡಿತು. ದಂಡೆಯ ಮೇಲಿನವರು ಎದ್ದು ನಿಂತರು.

"ನೀರು ಬಿಟ್ಟಿದ್ದೇವೆ ಅಂತ ಬರಿ," ಎಂದು ಅಣ್ಣ ನೀರಿನ ಸದ್ದಿನ ಮೇಲೆ ಕೂಗಿದ. "ಇದರಲ್ಲೂ ಮೂರನೇ ಒಂದು ಪಾಲು ತಡೀಬೇಕಾ ಅಂತ ಕೇಳು. ಬೇಕು ಅಂದ್ರೆ ಎಲ್ಲಿ ತಡೀಬೇಕು ಅಂತ ಅವರೇ ಬಂದು ನಿಂತು ತೋರಿಸಲಿ. ಕಂಬಿ ಇದೆ, ಬೀಳಲ್ಲ ಅಂತಾನೂ ಬರಿ."

ಅವಳು ನಗುತ್ತಲೇ ಒಂದಕ್ಷರ ಬಿಡದೆ ಬರೆದಳು. ಗಾಳಿಗೆ ಕಾಗದ ಹಾರಲು ನೋಡಿದಾಗ ಅಣ್ಣ ಗ್ರೀಸಿನ ಹೆಬ್ಬೆರಳಿನಿಂದ ಅದರ ಮೂಲೆ ಒತ್ತಿ ಹಿಡಿದ. ಕಪ್ಪು ಗುರುತು ಅಚ್ಚಾಗಿ ಬಿತ್ತು. "ಅಯ್ಯೋ, ಕೊಳೆ ಮಾಡಿದೆ," ಎಂದು ಅವನು ಕೈ ಹಿಂದೆಳೆದುಕೊಂಡ.

"ಇರಲಿ ಬಿಡು," ಎಂದು ಅವಳು ಅದನ್ನು ಮಡಿಸಿ ಲಕೋಟೆಗೆ ಹಾಕಿದಳು. "ಇನ್ನೊಂದು ಸುತ್ತು ತಿರುಗಿಸು. ಬಲಗಡೆಯ ಹೊಲದವರು ಕಾಯ್ತಿದ್ದಾರೆ."